ಯಾರೂ ಹಿಡಿಯದ ತಪ್ಪನ್ನು ಬರೆದಿಟ್ಟವರ ಕಥೆ

ಭಾಗ 1/9 : ಕಾಣದ ಎರಡನೇ ಸಾಲು

ವೆಬ್‌ಸೈಟಲ್ಲಿ ಅರ್ಜಿ ತುಂಬಿ ಸಬ್ಮಿಟ್ ಒತ್ತುತ್ತೀರಿ. ಚಕ್ರ ಸ್ವಲ್ಪ ಹೊತ್ತು ತಿರುಗುತ್ತೆ. ಆಮೇಲೆ ಪರದೆ ಮೇಲೆ ಒಂದೇ ಸಾಲು: ಕ್ಷಮಿಸಿ, ಏನೋ ತೊಂದರೆಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ನಾವು ಬೈಕೊಂಡು ರಿಫ್ರೆಶ್ ಮಾಡ್ತೀವಿ, ಅಷ್ಟೇ.

ಆದರೆ ಆ ಸಾಲಿನ ಹಿಂದೆ ಇನ್ನೊಂದು ಸಾಲು ಇರಬೇಕು, ನಮಗೆ ಕಾಣದ್ದು. ಎಷ್ಟು ಗಂಟೆಗೆ, ಯಾವ ಪುಟದಲ್ಲಿ, ಕೋಡಿನ ಯಾವ ಜಾಗದಲ್ಲಿ, ಏನು ಕೈಕೊಟ್ಟಿತು ಅನ್ನೋ ದಾಖಲೆ. ಪ್ರೋಗ್ರಾಂ ಬರೆದವರು ಊಹಿಸದೇ ಇದ್ದ, ಯಾರೂ ಹಿಡಿಯದೆ ಕೊನೇವರೆಗೂ ಜಾರಿಹೋದ ತಪ್ಪಿಗೆ ಅನ್‌ಹ್ಯಾಂಡಲ್ಡ್ ಎಕ್ಸೆಪ್ಶನ್ ಅಂತಾರೆ. ಅದನ್ನ ಬರೆದಿಡೋದು ಲಾಗಿಂಗ್. ಈ ಸರಣಿ ಆ ಎರಡನೇ ಸಾಲಿನ ಇತಿಹಾಸ.

ಬಿಕಾಂ ಓದೋರಿಗೆ ಇದೆಲ್ಲ ಯಾಕೆ ಅಂತೀರಾ? ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೇ ಇದ್ರೆ ನಾವೇನು ಮಾಡ್ತೀವಿ? ವ್ಯತ್ಯಾಸವನ್ನ ಸಸ್ಪೆನ್ಸ್ ಖಾತೆಗೆ ಹಾಕ್ತೀವಿ. ತಪ್ಪು ಎಲ್ಲಿದೆ ಅಂತ ಇನ್ನೂ ಗೊತ್ತಿಲ್ಲ, ಆದರೆ ತಪ್ಪು ಇದೆ ಅನ್ನೋದನ್ನ ಪುಸ್ತಕ ಒಪ್ಪಿಕೊಂಡಿದೆ. ಹುಡುಕೋ ತನಕ ಅದು ಯಾರ ತಲೆ ಮೇಲೂ ಬೀಳಲ್ಲ. ಎರರ್ ಲಾಗ್ ಅಂದ್ರೆ ಯಂತ್ರದ ಸಸ್ಪೆನ್ಸ್ ಖಾತೆ.

ಹಾಗಾದ್ರೆ ಪ್ರಶ್ನೆ ಮೂರು: ತಪ್ಪನ್ನ ಯಾರು ಬರೀತಾರೆ, ಎಲ್ಲಿ ಬರೀತಾರೆ, ಯಾರಿಗೆ ತೋರಿಸ್ತಾರೆ? ಈ ಮೂರರಲ್ಲಿ ಒಂದು ತಪ್ಪಿದ್ರೂ ರಾಕೆಟ್ ಬಿದ್ದಿದೆ, ಜನ ಜೈಲಿಗೆ ಹೋಗಿದ್ದಾರೆ. ಬನ್ನಿ, ಮೊದಲಿಂದ ನೋಡೋಣ.

ಭಾಗ 2/9 : ಮರದ ತುಂಡು, ಆಮೇಲೆ ಪತಂಗ

ಲಾಗ್ ಅಂದ್ರೆ ಮೂಲದಲ್ಲಿ ಮರದ ದಿಮ್ಮಿ. ಹಳೇ ಕಾಲದ ಯುರೋಪಿನ ನಾವಿಕರು ಹಡಗಿನ ವೇಗ ಅಳೆಯೋಕೆ ಹಗ್ಗ ಕಟ್ಟಿದ ಮರದ ತುಂಡನ್ನ ಸಮುದ್ರಕ್ಕೆ ಎಸೀತಿದ್ರು. ಹಗ್ಗದಲ್ಲಿ ಸಮ ಅಂತರಕ್ಕೆ ಗಂಟುಗಳು. ಮರಳು ಗಡಿಯಾರ ಖಾಲಿ ಆಗೋಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿತು ಅಂತ ಎಣಿಸಿ ಪುಸ್ತಕಕ್ಕೆ ಬರೆದಿಡೋದು. ಆ ಪುಸ್ತಕವೇ ಲಾಗ್‌ಬುಕ್. ಹಡಗಿನ ವೇಗಕ್ಕೆ ಇವತ್ತಿಗೂ ನಾಟ್, ಅಂದ್ರೆ ಗಂಟು ಅನ್ನೋದು ಇದೇ ಕಾರಣಕ್ಕೆ.

ಈಗ ಈ ಭಾಗದ ಫೋಟೋ ನೋಡಿ. 1947ರ ಸೆಪ್ಟೆಂಬರ್ 9. ಅಮೆರಿಕದ ನೌಕಾಪಡೆಗಾಗಿ ಹಾರ್ವರ್ಡ್‌ನಲ್ಲಿ ಕಟ್ಟಿದ ಮಾರ್ಕ್ 2 ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ. ಬಿಚ್ಚಿ ನೋಡಿದ್ರೆ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿದೆ. ಅದನ್ನ ಊದಿ ಬಿಸಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಲಾಗ್‌ಬುಕ್ಕಿನ ಪುಟಕ್ಕೆ ಅದನ್ನ ಟೇಪ್ ಹಚ್ಚಿ ಅಂಟಿಸಿ, ಪಕ್ಕದಲ್ಲಿ ಸಮಯ 15:45 ಅಂತ ಬರೆದರು. ಆ ಪುಟ ಇವತ್ತೂ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದವರ ಹತ್ರ ಇದೆ, ಪತಂಗದ ಸಮೇತ.

ಬಗ್ ಅನ್ನೋ ಮಾತು ಅಲ್ಲಿ ಹುಟ್ಟಿದ್ದಲ್ಲ. ಎಡಿಸನ್ 1870ರ ದಶಕದಲ್ಲೇ ಯಂತ್ರದ ದೋಷಕ್ಕೆ ಆ ಪದ ಬಳಸ್ತಿದ್ದರು. ಪತಂಗ ಹಿಡಿದಿದ್ದು ಗ್ರೇಸ್ ಹಾಪರ್ ಅಂತ ಸುಮಾರು ಪೋಸ್ಟ್‌ಗಳಲ್ಲಿ ಓದಿರ್ತೀರಿ. ಅವರು ಆ ತಂಡದಲ್ಲಿದ್ದರು, ಕಥೆಯನ್ನ ಊರೂರಿಗೆ ಹೇಳಿ ಪ್ರಸಿದ್ಧಿ ಮಾಡಿದರು. ಹಿಡಿದವರು ಬೇರೆ.

ನನಗೆ ಮುಖ್ಯ ಅನ್ಸೋದು ಹುಳ ಅಲ್ಲ, ಆ ಪುಟ. ಯಾವಾಗ, ಎಲ್ಲಿ, ಏನು, ಜತೆಗೆ ಸಾಕ್ಷಿ. ಇವತ್ತಿನ ಯಾವ ಎರರ್ ಲಾಗ್ ತೆಗೆದರೂ ಇವೇ ನಾಲ್ಕು ಕಾಲಂ.

ಭಾಗ 3/9 : ತಪ್ಪು ಮೆಟ್ಟಿಲು ಹತ್ತಿದ್ದು

ಮೊದಮೊದಲು ಪ್ರೋಗ್ರಾಂಗಳಲ್ಲಿ ತಪ್ಪು ತಿಳಿಸೋಕೆ ಇದ್ದ ದಾರಿ ತುಂಬಾ ಸರಳ. ಕೆಲಸ ಕೆಟ್ಟರೆ ಮೈನಸ್ ಒಂದೋ, ಇನ್ಯಾವುದೋ ಸಂಖ್ಯೆಯೋ ವಾಪಸ್ ಬರೋದು. ಕೆಲಸ ಹೇಳಿದವರು ಅದನ್ನ ಪರೀಕ್ಷೆ ಮಾಡಬೇಕು. ಮರೆತರೆ? ಪ್ರೋಗ್ರಾಂ ಏನೂ ಆಗಿಲ್ಲ ಅನ್ನೋ ಥರ ಮುಂದಕ್ಕೆ ಹೋಗುತ್ತೆ. ತಪ್ಪು ಮೊತ್ತದ ಮೇಲೆ ತಪ್ಪು ಮೊತ್ತ ಕೂಡ್ತಾ.

1960ರ ದಶಕದಲ್ಲಿ ಐಬಿಎಂನ ಪಿಎಲ್/ಒನ್ ಭಾಷೆ ಬೇರೆ ದಾರಿ ತೋರಿಸಿತು: ಇಂಥ ಅನಾಹುತ ಆದ್ರೆ ಇಂಥದ್ದು ಮಾಡು ಅಂತ ಮೊದಲೇ ಹೇಳಿಡಬಹುದು. 1975ರಲ್ಲಿ ಜಾನ್ ಗುಡಿನಫ್ ಒಂದು ಪ್ರಬಂಧ ಬರೆದು, ಎಕ್ಸೆಪ್ಶನ್ ಅಂದ್ರೆ ಏನು, ಅದು ಎದ್ದಾಗ ಯಾರ ಜವಾಬ್ದಾರಿ ಏನು ಅಂತ ಕ್ರಮವಾಗಿ ಬಿಡಿಸಿಟ್ಟರು. ಅದೇ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಅವರ ತಂಡ ಕ್ಲೂ ಅನ್ನೋ ಭಾಷೆಯಲ್ಲಿ ಇದನ್ನ ಭಾಷೆಯ ಅಂಗವನ್ನಾಗಿಯೇ ಮಾಡಿತು. ಅಲ್ಲಿಂದ ಮುಂದೆ ಅಡಾ, ಸಿ ಪ್ಲಸ್ ಪ್ಲಸ್, ಜಾವಾ, ಎಲ್ಲ ಕಡೆ ಬಂತು.

ಈಗ ಬಳಕೆಯಲ್ಲಿರೋ ಹೆಚ್ಚಿನ ಭಾಷೆಗಳಲ್ಲಿ ಇದು ಒಂದು ಕಚೇರಿ ಥರ ನಡೆಯುತ್ತೆ. ಗುಮಾಸ್ತರಿಗೆ ಬಗೆಹರಿಸೋಕೆ ಆಗದ ಕಡತ ಮೇಲ್ವಿಚಾರಕರಿಗೆ ಹೋಗುತ್ತೆ. ಅವರಿಗೂ ಆಗದಿದ್ರೆ ಮ್ಯಾನೇಜರಿಗೆ. ತಪ್ಪು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗ್ತಾ ಯಾರಾದ್ರೂ ಹಿಡೀತಾರಾ ಅಂತ ನೋಡುತ್ತೆ. ಕೊನೇ ಮೆಟ್ಟಿಲು ದಾಟಿದ್ರೂ ಯಾರೂ ಹಿಡಿಯದೇ ಇದ್ರೆ ಅದೇ ಅನ್‌ಹ್ಯಾಂಡಲ್ಡ್. ಪ್ರೋಗ್ರಾಂ ಅಲ್ಲೇ ನಿಲ್ಲುತ್ತೆ.

ಸುಮ್ಮನೆ ಸುಳ್ಳು ಲೆಕ್ಕ ಕೊಡೋದಕ್ಕಿಂತ ನಿಲ್ಲೋದೇ ಮೇಲು. ಆದರೆ ನಿಲ್ಲೋ ಮುಂಚೆ ಯಾಕೆ ನಿಂತೆ ಅಂತ ಒಂದು ಸಾಲು ಬರೆದಿಡಬೇಕಲ್ವಾ?

ಭಾಗ 4/9 : ಆಸ್ಲೋದಲ್ಲಿ ಹುಟ್ಟಿದ ಪಿತ್ರಾರ್ಜಿತ

ಈ ಕಥೆಗೆ ಇನ್ನೊಂದು ಎಳೆ ಬೇಕು: ಇನ್ಹೆರಿಟೆನ್ಸ್. ಅದು ಬಂದಿದ್ದು ನಾರ್ವೆಯಿಂದ.

ಆಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅಂತ ಇಬ್ಬರಿದ್ದರು. ನಿಜ ಜೀವನದ ವ್ಯವಸ್ಥೆಗಳನ್ನ ಕಂಪ್ಯೂಟರಲ್ಲಿ ಅಣಕು ಮಾಡಿ ನೋಡೋ ಭಾಷೆ ಅವರ ಕೆಲಸ. ಅವರ ಮುಂದಿದ್ದ ಒಂದು ಉದಾಹರಣೆ ನಮಗೆ ಚೆನ್ನಾಗಿ ಗೊತ್ತಿರೋದೇ: ಸೇತುವೆ ಮೇಲಿನ ಟೋಲ್ ಗೇಟು, ಅದರ ಮುಂದೆ ವಾಹನಗಳ ಸಾಲು. ಸಾಲಲ್ಲಿ ಲಾರಿಗಳೂ ಇವೆ, ಬಸ್ಸುಗಳೂ ಇವೆ. ಎರಡೂ ಬೇರೆ ಬೇರೆ, ಆದರೆ ಸಾಲಲ್ಲಿ ನಿಲ್ಲೋ ವಿಷಯದಲ್ಲಿ ಎರಡೂ ಒಂದೇ. ಹಾಗಾದ್ರೆ ಸಾಲಲ್ಲಿ ನಿಲ್ಲೋ ಗುಣವನ್ನ ವಾಹನ ಅನ್ನೋ ಒಂದೇ ಕಡೆ ಬರೆದು, ಲಾರಿ ಮತ್ತು ಬಸ್ಸು ಎರಡೂ ಅದನ್ನ ಪಡೆದುಕೊಳ್ಳೋ ಹಾಗೆ ಮಾಡಿದ್ರೆ? ಸಿಮ್ಯುಲಾ 67 ಭಾಷೆಯ ಕ್ಲಾಸು, ಉಪಕ್ಲಾಸು ಬಂದಿದ್ದು ಹೀಗೆ. ಈ ಕೆಲಸಕ್ಕೆ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಮರುವರ್ಷವೇ ಇಬ್ಬರೂ ತೀರಿಕೊಂಡರು.

ಇನ್ಹೆರಿಟೆನ್ಸ್ ಅಂದ್ರೆ ಪಿತ್ರಾರ್ಜಿತ. ಒಮ್ಮೆ ಬರೆದದ್ದು ಮಕ್ಕಳಿಗೆಲ್ಲ ತಾನಾಗೇ ಬರುತ್ತೆ. ಆದರೆ ಕಾಮರ್ಸ್ ಓದಿದವರಿಗೆ ಗೊತ್ತು, ಪಿತ್ರಾರ್ಜಿತದಲ್ಲಿ ಆಸ್ತಿ ಒಂದೇ ಬರಲ್ಲ. ಅಜ್ಜ ಮಾಡಿಟ್ಟ ಸಾಲವೂ ಆ ಆಸ್ತಿಗೆ ಅಂಟಿಕೊಂಡೇ ಬರುತ್ತೆ.

ಮುಂದಿನ ಭಾಗದಲ್ಲಿ ಬರೋದು ಕ್ಲಾಸಿನ ಇನ್ಹೆರಿಟೆನ್ಸ್ ಅಲ್ಲ, ಇಡೀ ಕೋಡನ್ನೇ ಹಳೇ ಮನೆಯಿಂದ ಹೊಸ ಮನೆಗೆ ತಂದ ಕಥೆ. ಆದರೆ ಸಾಲ ಬಂದ ರೀತಿ ಒಂದೇ.

ಭಾಗ 5/9 : 37 ಸೆಕೆಂಡ್

1996ರ ಜೂನ್ 4, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ. ಯುರೋಪಿನ ಹೊಸ ರಾಕೆಟ್ ಏರಿಯಾನ್ 5ರ ಮೊದಲ ಹಾರಾಟ. ಒಳಗೆ ನಾಲ್ಕು ಕ್ಲಸ್ಟರ್ ಉಪಗ್ರಹ.

ರಾಕೆಟ್ ಯಾವ ಕಡೆ ವಾಲಿದೆ, ಎಷ್ಟು ವೇಗದಲ್ಲಿದೆ ಅಂತ ಹೇಳೋ ಸಾಧನದ ಸಾಫ್ಟ್‌ವೇರ್ ಹಳೇ ಏರಿಯಾನ್ 4ರಿಂದ ಬಂದ ಪಿತ್ರಾರ್ಜಿತ. ಅದರಲ್ಲಿ ಒಂದು 64 ಬಿಟ್ ಸಂಖ್ಯೆಯನ್ನ 16 ಬಿಟ್‌ಗೆ ಇಳಿಸೋ ಜಾಗ ಇತ್ತು. 16 ಬಿಟ್‌ನಲ್ಲಿ 32,767 ದಾಟಿದ್ರೆ ಹಿಡಿಸಲ್ಲ. ಏರಿಯಾನ್ 4ರ ಹಾರಾಟದಲ್ಲಿ ಆ ಬೆಲೆ ಅಷ್ಟು ಮೇಲೆ ಹೋಗ್ತಿರಲಿಲ್ಲ. ಏರಿಯಾನ್ 5 ಹೆಚ್ಚು ಶಕ್ತಿಶಾಲಿ, ಅದರ ದಾರಿಯೇ ಬೇರೆ. ಅಪಾಯ ಇದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಹಾಕಿ, ಕಂಪ್ಯೂಟರ್ ಮೇಲಿನ ಹೊರೆ ಮಿತಿಯಲ್ಲಿ ಇರಲಿ ಅಂತ ಮೂರನ್ನ ಹಾಗೇ ಬಿಟ್ಟಿದ್ದರು. ಕೈಕೊಟ್ಟಿದ್ದು ಆ ಮೂರರಲ್ಲಿ ಒಂದು.

ಸುಮಾರು 37ನೇ ಸೆಕೆಂಡಿಗೆ ಎಕ್ಸೆಪ್ಶನ್ ಎದ್ದಿತು. ಹಿಡಿಯೋರು ಯಾರೂ ಇರಲಿಲ್ಲ. ಸಾಧನ ನಿಂತಿತು. ಬದಲಿಗೆ ಇಟ್ಟಿದ್ದ ಇನ್ನೊಂದು ಸಾಧನದಲ್ಲೂ ಅದೇ ಸಾಫ್ಟ್‌ವೇರ್, ಅದೂ ಅದೇ ಕಾರಣಕ್ಕೆ ಆಗಲೇ ನಿಂತಿತ್ತು. ನಿಲ್ಲೋ ಮುಂಚೆ ಸಾಧನ ಕಳಿಸಿದ ತಪ್ಪಿನ ವರದಿಯನ್ನ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಅಂತಲೇ ಓದಿಕೊಂಡಿತು! ಇಲ್ಲದ ವಾಲುವಿಕೆಯನ್ನ ಸರಿ ಮಾಡೋಕೆ ಹೋಗಿ ರಾಕೆಟ್ ತಿರುಗಿ, ಒಡೆದು, ಸ್ಫೋಟಿಸಿತು.

ಸಂಕಟದ ವಿಷಯ ಏನಂದ್ರೆ, ಆ ಲೆಕ್ಕ ಮಾಡ್ತಿದ್ದ ಭಾಗ ರಾಕೆಟ್ ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕಾಗೇ ಇರಲಿಲ್ಲ.

ಆದರೂ ಒಂದು ಒಳ್ಳೇ ಕೆಲಸ ಆಗಿತ್ತು. ನಿಲ್ಲೋ ಮುಂಚೆ ಸಾಧನ ತನ್ನ ಸ್ಥಿತಿಯನ್ನ ಅಳಿಸಿಹೋಗದ ಮೆಮೊರಿಗೆ ಬರೆದಿತ್ತು. ಅವಶೇಷದಲ್ಲಿ ಅದು ಸಿಕ್ಕಿತು, ಓದಿದರು. ಅದೂ ಸಹಾಯ ಮಾಡಿ, ಗಣಿತಜ್ಞ ಜಾಕ್-ಲೂಯಿ ಲಿಯೋಂಸ್ ಅಧ್ಯಕ್ಷತೆಯ ಸಮಿತಿ ಜುಲೈ ತಿಂಗಳಲ್ಲೇ ಕಾರಣ ಹೇಳಿತು. ಸಮಿತಿಯ ಒಂದು ಮಾತಿನ ಸಾರ ನೆನಪಿಡಿ, ಭಾಗ 8ಕ್ಕೆ ಬೇಕು: ತಪ್ಪು ಅಂತ ಸಾಬೀತಾಗೋ ತನಕ ಸಾಫ್ಟ್‌ವೇರ್ ಸರಿ ಅಂತ ನಂಬಬೇಡಿ, ಉಲ್ಟಾ ನಂಬಿ.

ಭಾಗ 6/9 : ಒಂದು ತಾಯಿ ಪುಟ, ನೂರು ಮಕ್ಕಳು

ಅದೇ 1996ರ ಕೊನೆಗೆ ಮೈಕ್ರೋಸಾಫ್ಟ್‌ನ ಎಎಸ್‌ಪಿ ಬಂತು. ಪ್ರತಿ ವೆಬ್ ಪುಟವೂ ಒಂದು ಪ್ರೋಗ್ರಾಂ. ಅದರಲ್ಲಿ ವಿಬಿಸ್ಕ್ರಿಪ್ಟ್ ಬರೆಯೋರ ಕೈಗೆ ಒಂದು ಅಪಾಯದ ಸಾಲು ಸಿಕ್ಕಿತ್ತು: ಆನ್ ಎರರ್ ರೆಸ್ಯೂಮ್ ನೆಕ್ಸ್ಟ್. ಅಂದ್ರೆ ತಪ್ಪಾದ್ರೆ ಆಗಲಿ, ಮುಂದಿನ ಸಾಲಿಗೆ ಹೋಗು. ಬೇಕಾದ ಕಡೆ ಹಾಕಿ ತಪ್ಪನ್ನ ಪರೀಕ್ಷಿಸಬೇಕಿದ್ದ ಸಾಲನ್ನ ಪುಟದ ತಲೆಗೇ ಹಾಕಿ ಮರೆತವರು ಕಮ್ಮಿ ಇಲ್ಲ. ಭಾಗ 3ರ ಮೈನಸ್ ಒಂದರ ಕಾಲಕ್ಕೆ ವಾಪಸ್ ಹೋದಂಗಾಯ್ತು.

1997ರ ಕೊನೆಗೆ ಮಾರ್ಕ್ ಆಂಡರ್ಸ್ ಮತ್ತು ಸ್ಕಾಟ್ ಗಥ್ರಿ ಹೊಸದೊಂದನ್ನ ಶುರು ಮಾಡಿದರು. ಅದು 2002ರ ಜನವರಿಯಲ್ಲಿ ಎಎಸ್‌ಪಿ ಡಾಟ್ ನೆಟ್ ಆಗಿ ಹೊರಬಂತು. ಆಸ್ಲೋದ ಎಳೆ ಸೇರೋದು ಇಲ್ಲಿ. ಈಗ ಪ್ರತಿ ಪುಟವೂ ಒಂದು ಕ್ಲಾಸ್, ಎಲ್ಲದಕ್ಕೂ ಮೂಲ ಪೇಜ್ ಅನ್ನೋ ಒಂದೇ ಕ್ಲಾಸ್. ಪುಟದಲ್ಲಿ ಯಾರೂ ಹಿಡಿಯದ ತಪ್ಪಾದ್ರೆ ಆ ಪೇಜ್ ತನ್ನ ಆನ್‌ಎರರ್ ಅನ್ನೋ ವಿಧಾನವನ್ನ ಕರೆಯುತ್ತೆ.

ಪ್ರೋಗ್ರಾಮರ್‌ಗಳು ಮಾಡಿದ ಉಪಾಯ ಹೀಗಿತ್ತು:

1. ಮೈಕ್ರೋಸಾಫ್ಟ್‌ನ ಪೇಜ್‌ಗೂ ನಮ್ಮ ಪುಟಗಳಿಗೂ ಮಧ್ಯೆ ನಮ್ಮದೇ ಒಂದು ತಾಯಿ ಪುಟ ಬರೆಯೋದು. ಬೇಸ್‌ಪೇಜ್ ಅಂತ ಹೆಸರು.
2. ಅದರಲ್ಲಿ ಆನ್‌ಎರರ್ ಅನ್ನ ಒಂದೇ ಒಂದು ಸಲ ಹೊಸದಾಗಿ ಬರೆಯೋದು: ಕೊನೆಯ ತಪ್ಪು ಯಾವುದು ಅಂತ ಸರ್ವರನ್ನ ಕೇಳು, ಸಮಯ, ಪುಟದ ವಿಳಾಸ, ತಪ್ಪು ಹತ್ತಿ ಬಂದ ಮೆಟ್ಟಿಲುಗಳ ಪಟ್ಟಿ ಬರೆದಿಡು.
3. ಲಾಗಿನ್, ಬಿಲ್, ವರದಿ, ನೂರು ಪುಟ ಇದ್ರೂ ಎಲ್ಲವೂ ಪೇಜ್ ಬದಲು ಬೇಸ್‌ಪೇಜ್‌ನ ಮಕ್ಕಳು.
4. ಬಳಕೆದಾರರಿಗೆ ಸಭ್ಯವಾದ ಕ್ಷಮಿಸಿ ಪುಟ ತೋರಿಸೋದು.

ನೂರು ಕಡೆ ಬರೆಯಬೇಕಿದ್ದನ್ನ ಒಂದು ಕಡೆ ಬರೆದರೆ ಸಾಕು. ಪುಟ ಬರೆಯೋ ಹೊಸಬರಿಗೆ ಲಾಗಿಂಗ್ ಅನ್ನೋ ಪದವೇ ಗೊತ್ತಿರದಿದ್ರೂ ಅವರ ಪುಟದ ತಪ್ಪು ದಾಖಲಾಗುತ್ತೆ. ಇನ್ನೊಂದು ಲಾಭ: ಈ ಹಂತದಲ್ಲಿ ಸಿಗೋದು ಮೂಲ ತಪ್ಪೇ. ಇನ್ನೂ ಮೇಲೆ, ಇಡೀ ಅಪ್ಲಿಕೇಶನ್ ಮಟ್ಟಕ್ಕೆ ಹೋದ್ರೆ ಅದರ ಸುತ್ತ ಯಾರೋ ಹಿಡಿಯಲಿಲ್ಲ ಅನ್ನೋ ಇನ್ನೊಂದು ಲಕೋಟೆ ಸುತ್ತಿರುತ್ತೆ, ಬಿಚ್ಚಿ ನೋಡಬೇಕು.

ಭಾಗ 7/9 : ಬಲೆಯಲ್ಲಿ ತೂತು

ಉಪಾಯ ಚೆನ್ನಾಗಿತ್ತು, ಆದರೆ ತೂತುಗಳಿದ್ದವು.

ಯಾರಾದ್ರೂ ಒಂದು ಪುಟವನ್ನ ಬೇಸ್‌ಪೇಜ್ ಬದಲು ನೇರವಾಗಿ ಪೇಜ್‌ನ ಮಗು ಮಾಡಿಬಿಟ್ರೆ ಆ ಪುಟದ ತಪ್ಪು ಬಲೆಗೆ ಬೀಳಲ್ಲ. ಪುಟವೇ ಅಲ್ಲದ ಜಾಗದಲ್ಲಿ, ಉದಾಹರಣೆಗೆ ವೆಬ್ ಸರ್ವಿಸ್‌ನಲ್ಲಿ ತಪ್ಪಾದ್ರೂ ಅಷ್ಟೇ. ಹಿನ್ನೆಲೆಯ ಥ್ರೆಡ್‌ಗಳ ಕಥೆ ಇನ್ನೂ ವಿಚಿತ್ರ. ಡಾಟ್ ನೆಟ್‌ನ ಮೊದಲ ಆವೃತ್ತಿಗಳಲ್ಲಿ ಅಲ್ಲಿ ಎದ್ದ ತಪ್ಪು ಸದ್ದಿಲ್ಲದೆ ಮಾಯ ಆಗ್ತಿತ್ತು. 2005ರ 2.0 ಆವೃತ್ತಿಯಲ್ಲಿ ಅದು ಇಡೀ ಪ್ರಕ್ರಿಯೆಯನ್ನೇ ನಿಲ್ಲಿಸೋ ಹಾಗೆ ಬದಲಾಯಿಸಿದರು. ಅಲ್ಲಿವರೆಗೆ ಚೆನ್ನಾಗಿದ್ದ ಸೈಟುಗಳು ಧಡಾರನೆ ಬಿದ್ದವು. ಚೆನ್ನಾಗಿರಲಿಲ್ಲ, ತಪ್ಪು ಕಾಣ್ತಿರಲಿಲ್ಲ ಅಷ್ಟೇ.

ಲಾಗ್ ಬರೆಯೋ ಕೋಡೇ ಕೈಕೊಡೋದೂ ಇತ್ತು. ವಿಂಡೋಸ್‌ನ ಈವೆಂಟ್ ಲಾಗ್‌ನಲ್ಲಿ ಹೊಸ ಹೆಸರು ತೆರೆಯೋಕೆ ವೆಬ್ ಅಪ್ಲಿಕೇಶನ್‌ಗೆ ಅನುಮತಿ ಇರ್ತಿರಲಿಲ್ಲ. ತಪ್ಪು ಬರೆಯೋಕೆ ಹೋಗಿ ಇನ್ನೊಂದು ತಪ್ಪು!

2004ರಲ್ಲಿ ಅತೀಫ್ ಅಜೀಜ್ ಮತ್ತು ಸ್ಕಾಟ್ ಮಿಚೆಲ್ ಬರೆದ ಲೇಖನದೊಂದಿಗೆ ಎಲ್ಮಾ ಅನ್ನೋ ಸಾಧನ ಪರಿಚಯ ಆಯ್ತು. ಅದು ಪುಟದ ಪಿತ್ರಾರ್ಜಿತವನ್ನ ನಂಬಲ್ಲ. ಇಡೀ ಅಪ್ಲಿಕೇಶನ್‌ನ ಬಾಗಿಲಲ್ಲಿ ಕೂತು ಹಿಡಿಯದೆ ಹೋದ ತಪ್ಪುಗಳನ್ನೆಲ್ಲ ಬರೆದುಕೊಳ್ಳುತ್ತೆ, ಪುಟಗಳ ಕೋಡ್ ಮುಟ್ಟದೆ. ನೋಡೋಕೆ ಒಂದು ವೆಬ್ ಪುಟವನ್ನೂ ಕೊಡುತ್ತೆ. ಆ ಪುಟಕ್ಕೆ ಬೀಗ ಹಾಕದೆ ಬಿಟ್ಟವರ ಲಾಗ್‌ಗಳು ಸರ್ಚ್ ಎಂಜಿನ್‌ನಲ್ಲೇ ಸಿಗೋ ಹಾಗಾಯ್ತು.

ತಪ್ಪನ್ನ ತೋರಿಸೋದೂ ಹುಷಾರಿನ ಕೆಲಸ. 2010ರ ಸೆಪ್ಟೆಂಬರ್‌ನಲ್ಲಿ ಹುಲಿಯಾನೋ ರಿಜ್ಜೋ ಮತ್ತು ಥಾಯ್ ಡುವಾಂಗ್ ಅನ್ನೋ ಸಂಶೋಧಕರು, ಎಎಸ್‌ಪಿ ಡಾಟ್ ನೆಟ್ ಕೊಡೋ ಬೇರೆ ಬೇರೆ ತಪ್ಪಿನ ಉತ್ತರಗಳನ್ನ ಹೋಲಿಸಿಯೇ ಗುಪ್ತಲಿಪಿ ಒಡೆಯಬಹುದು ಅಂತ ತೋರಿಸಿದರು. ಆಗ ಮೈಕ್ರೋಸಾಫ್ಟ್ ಕೊಟ್ಟ ತಾತ್ಕಾಲಿಕ ಸಲಹೆಗಳಲ್ಲಿ ಮುಖ್ಯವಾದದ್ದು: ಏನೇ ತಪ್ಪಾದ್ರೂ ಹೊರಗಿನವರಿಗೆ ಒಂದೇ ಕ್ಷಮಿಸಿ ಪುಟ ತೋರಿಸಿ. 2018ರಲ್ಲಿ ಟ್ವಿಟರ್ ತನ್ನ ಒಳಗಿನ ಲಾಗ್ ಒಂದರಲ್ಲಿ ಪಾಸ್‌ವರ್ಡ್‌ಗಳು ಬಿಚ್ಚಾಗಿ ದಾಖಲಾಗಿದ್ದನ್ನ ಕಂಡು, ಬದಲಾಯಿಸಿಕೊಳ್ಳಿ ಅಂತ ಬಳಕೆದಾರರಿಗೆಲ್ಲ ಹೇಳಬೇಕಾಯ್ತು.

ಅಂದ್ರೆ ಹೊರಗೆ ಕಮ್ಮಿ ಹೇಳಬೇಕು, ಒಳಗೆ ಪೂರ್ತಿ ಬರೆಯಬೇಕು. ಒಳಗೆ ಬರೆದದ್ದನ್ನ ಒಳಗಿನವರೇ ಮುಚ್ಚಿಟ್ರೆ?

ಭಾಗ 8/9 : ಸಸ್ಪೆನ್ಸ್ ಖಾತೆ ತೆಗೆದಾಗ

ಇದು ವೆಬ್ ಪುಟದ ಕಥೆ ಅಲ್ಲ, ಬ್ರಿಟನ್ನಿನ ಅಂಚೆ ಕಚೇರಿಗಳ ಲೆಕ್ಕದ ಸಾಫ್ಟ್‌ವೇರ್ ಕಥೆ. ಆದರೆ ಮೂರನೇ ಪ್ರಶ್ನೆ, ಯಾರಿಗೆ ತೋರಿಸ್ತಾರೆ ಅನ್ನೋದಕ್ಕೆ ಇದಕ್ಕಿಂತ ಕಹಿ ಉತ್ತರ ನನಗೆ ಸಿಕ್ಕಿಲ್ಲ.

1999ರಿಂದ ಅಲ್ಲಿನ ಪೋಸ್ಟ್ ಆಫೀಸ್ ಶಾಖೆಗಳಿಗೆ ಹೊರೈಜನ್ ಅನ್ನೋ ವ್ಯವಸ್ಥೆ ಬಂತು. ನಡೆಸ್ತಿದ್ದದ್ದು ಫುಜಿತ್ಸು ಕಂಪನಿ. ಅದರಲ್ಲಿ ತಪ್ಪುಗಳಿದ್ದವು. ಕೆಲವು ತಪ್ಪುಗಳಿಂದ ಶಾಖೆಯ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸ್ತಿತ್ತು. ಕೊರತೆಯನ್ನ ತುಂಬಿಕೊಡಿ ಅಂತ ಶಾಖೆ ನಡೆಸೋ ಸಬ್ ಪೋಸ್ಟ್‌ಮಾಸ್ಟರ್‌ಗಳಿಗೆ ಹೇಳ್ತಿದ್ದರು. ಮನೆ ಅಡ ಇಟ್ಟವರಿದ್ದಾರೆ, ದಿವಾಳಿ ಆದವರಿದ್ದಾರೆ. 2005ರ ಬದಲಾವಣೆಯಲ್ಲಿ, ವಿವಾದ ಇರೋ ವ್ಯತ್ಯಾಸವನ್ನ ಶಾಖೆಯ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟುಕೊಳ್ಳೋ ದಾರಿಯನ್ನೂ ತೆಗೆದುಹಾಕಿದರು. ಒಪ್ಪಿಕೋ, ಇಲ್ಲಾ ಕಟ್ಟು.

1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಲ್ಲಿ ಶಿಕ್ಷೆ ಆಯ್ತು. ಗರ್ಭಿಣಿಯೊಬ್ಬರೂ ಜೈಲಿಗೆ ಹೋದರು. ಅಲ್ಲಿನ ನ್ಯಾಯಾಲಯಗಳು ಕಂಪ್ಯೂಟರ್ ಸರಿಯಾಗೇ ಇದೆ ಅಂತ ಮೊದಲು ಭಾವಿಸಿಕೊಂಡು ಶುರು ಮಾಡ್ತಿದ್ದವು. ಭಾಗ 5ರಲ್ಲಿ ಲಿಯೋಂಸ್ ಸಮಿತಿ ಹೇಳಿದ್ದಕ್ಕೆ ಪೂರಾ ಉಲ್ಟಾ.

ತಪ್ಪು ದಾಖಲಾಗಿರಲಿಲ್ವಾ? ಆಗಿತ್ತು! ಫುಜಿತ್ಸು ಹತ್ರ ನೋನ್ ಎರರ್ ಲಾಗ್ ಅನ್ನೋ, ಗೊತ್ತಿರುವ ತಪ್ಪುಗಳ ಪಟ್ಟಿಯೇ ಇತ್ತು. ಕೌಂಟರಲ್ಲಿ ಕೂತವರಿಗೆ ಅದು ಕಾಣ್ತಿರಲಿಲ್ಲ. 555 ಜನ ಒಟ್ಟಾಗಿ ಹಾಕಿದ ದಾವೆಯಲ್ಲೂ ಆ ಪಟ್ಟಿಯನ್ನ ಹೊರಗೆ ತರಿಸೋಕೆ ಹೋರಾಡಬೇಕಾಯ್ತು. 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಸರ್, ವ್ಯವಸ್ಥೆಯಲ್ಲಿ ತಪ್ಪುಗಳಿದ್ದವು, ಅವು ಶಾಖೆಗಳ ಲೆಕ್ಕ ಕೆಡಿಸಿದ್ದವು ಅಂತ ತೀರ್ಪು ಕೊಟ್ಟರು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಜನರ ಶಿಕ್ಷೆ ರದ್ದು ಮಾಡಿತು. 2024ರಲ್ಲಿ ಸಂಸತ್ತು ಕಾಯ್ದೆ ಮಾಡಿಯೇ ನೂರಾರು ಜನರ ಶಿಕ್ಷೆ ತೆಗೆದುಹಾಕಿತು. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು.

ಬರೆಯದ ತಪ್ಪು ಮಾಯ ಆಗಲ್ಲ. ಅದು ಸಾಲಿನ ಕೊನೆಯಲ್ಲಿ ನಿಂತವರ ಹೆಗಲಿಗೆ ಹೋಗಿ ಕೂರುತ್ತೆ. ಬರೆದು ಮುಚ್ಚಿಟ್ಟ ತಪ್ಪೂ ಅಷ್ಟೇ.

ಭಾಗ 9/9 : ನಮ್ಮ ಪುಸ್ತಕದಲ್ಲಿ

ಇದೆಲ್ಲ ಎಲ್ಲೋ ದೂರದ್ದಲ್ಲ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ, ಕಂಪನಿಗಳು ಲೆಕ್ಕ ಇಡೋಕೆ ಬಳಸೋ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು. ಪ್ರತಿ ವ್ಯವಹಾರ, ಅದರ ಮೇಲೆ ಮಾಡಿದ ಪ್ರತಿ ತಿದ್ದುಪಡಿ, ತಿದ್ದಿದ ದಿನಾಂಕ ದಾಖಲಾಗಬೇಕು, ಅದನ್ನ ಆಫ್ ಮಾಡೋ ಹಾಗಿರಬಾರದು. ಅದು ವರ್ಷಪೂರ್ತಿ ನಡೆದಿದೆಯಾ ಅಂತ ಆಡಿಟರ್ ವರದಿಯಲ್ಲಿ ಹೇಳಬೇಕು. ನಮ್ಮ ಬೆಂಗಳೂರಿನ ಟ್ಯಾಲಿ ಕಂಪನಿಯ ಸಾಫ್ಟ್‌ವೇರ್‌ಗೆ ಎಡಿಟ್ ಲಾಗ್ ಅನ್ನೋ ಆವೃತ್ತಿಯೇ ಇದೆ. 2022ರ ಸರ್ಟ್-ಇನ್ ನಿರ್ದೇಶನ ಸರ್ವರ್ ನಡೆಸೋ ಸಂಸ್ಥೆಗಳಿಗೆ ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಿ ಅಂತ ಹೇಳಿದೆ.

ಒಳ್ಳೇದೇ. ಆದರೆ ವ್ಯತ್ಯಾಸ ಗಮನಿಸಿ. ಆಡಿಟ್ ಟ್ರೇಲ್ ಬರೆದಿಡೋದು ಲೆಕ್ಕ ತಿದ್ದಿದವರ ಜಾಡು. ಸಾಫ್ಟ್‌ವೇರ್ ತಾನೇ ಎಲ್ಲಿ ಎಡವಿತು ಅನ್ನೋದನ್ನ ಆ ನಿಯಮ ಕೇಳಲ್ಲ. ಅದನ್ನ ಬರೆಯೋದು ಇವತ್ತಿಗೂ ಯಾವುದೋ ಬೇಸ್‌ಪೇಜ್, ಯಾವುದೋ ಎಲ್ಮಾ, ಪ್ರೋಗ್ರಾಮರ್ ಒಬ್ಬರ ಒಳ್ಳೇ ಅಭ್ಯಾಸ.

ನಾಳೆ ನಮ್ಮಲ್ಲಿ ಎಷ್ಟೋ ಜನ ಆಡಿಟ್ ಆಫೀಸುಗಳಲ್ಲಿ, ಬ್ಯಾಂಕುಗಳಲ್ಲಿ ಕೂರ್ತೀವಿ. ಎದುರಿಗೆ ಕೊರತೆ ತೋರಿಸೋ ಪರದೆ, ಪಕ್ಕದಲ್ಲಿ ಬೆವರ್ತಾ ನಿಂತ ಕ್ಯಾಶಿಯರ್ ಇರಬಹುದು. ಆಗ ಕ್ಯಾಶಿಯರ್‌ಗೆ ಪ್ರಶ್ನೆ ಹಾಕೋ ಮುಂಚೆ ಯಂತ್ರಕ್ಕೂ ಒಂದು ಪ್ರಶ್ನೆ ಹಾಕೋಣ: ಆ ದಿನದ ಎರರ್ ಲಾಗ್ ಎಲ್ಲಿ? ಅದನ್ನ ಓದಿದವರು ಯಾರು?

ಸರಣಿ ಇಷ್ಟ ಆಗಿದ್ರೆ ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪಿಗೆ ಕಳಿಸಿ. ಕೋಡ್ ಬರೆಯೋ ಅಣ್ಣ, ಅಕ್ಕ ಯಾರಾದ್ರೂ ಇದ್ರೆ ಅವರನ್ನ ಟ್ಯಾಗ್ ಮಾಡಿ. ನಿಮ್ಮ ಕೆಲಸದ ಜಾಗದಲ್ಲಿ ಈ ಲಾಗ್ ಯಾರು ಓದ್ತಾರೆ ಅಂತ ಕಮೆಂಟಲ್ಲಿ ಬರೀರಿ, ಓದ್ತೀನಿ.

#ಕನ್ನಡದಲ್ಲಿ_ಇತಿಹಾಸ #ಸಾಫ್ಟ್‌ವೇರ್_ಇತಿಹಾಸ #ಎರರ್_ಲಾಗ್ #ಬಿಕಾಂ_ಬದುಕು #ಸಸ್ಪೆನ್ಸ್_ಖಾತೆ